ಕಡಪ ಕಲ್ಲಿಗೆ ಹುಳಿ ಆಗದೇಕೆ?

ಪ್ರಶ್ನೆ: ನಮ್ಮ ಅಡುಗೆಮನೆಯ ಕಟ್ಟೆಗೆ ಪಾಲಿಶ್ ಮಾಡಿದ ಕಪ್ಪು ಕಡಪ ಕಲ್ಲು ಹಾಸಿಸಿದ್ದೇವೆ. ನಿಂಬೆರಸ, ಹುಣಸೆಹುಳಿ ಚೆಲ್ಲಿದಲ್ಲೆಲ್ಲ ಹೊಳಪು ಹೋಗಿ ಬಿಳಿಚಿದ ಗುರುತು ಉಳಿದಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಪಕ್ಕದ ಮನೆಯ ಕಪ್ಪು ಗ್ರಾನೈಟಿಗೆ ಏನೂ ಆಗಿಲ್ಲ. ನಮಗೆ ಕೊಟ್ಟದ್ದು ಕಳಪೆ ಕಲ್ಲೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಇಷ್ಟರಿಂದಲೇ ಕಲ್ಲು ಕಳಪೆ ಎನ್ನಲಾಗದು. ಎರಡರ ಬಣ್ಣ ಒಂದೇ ಆದರೂ ಹುಟ್ಟು ಬೇರೆ.

ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಗೆ ಸೇರಿದ ಪದರುಶಿಲೆ. ಬಹು ಹಿಂದಿನ ಕಡಲ ತಳದಲ್ಲಿ ಸುಣ್ಣದ ಅಂಶವುಳ್ಳ ನುಣ್ಣನೆಯ ಕೆಸರು ಪದರದ ಮೇಲೆ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾದದ್ದು. ಚಪ್ಪಡಿಯಾಗಿ ಸುಲಭವಾಗಿ ಏಳುವುದು ಈ ಪದರಗಳ ಗುಂಟವೇ. ನಮ್ಮ ಹಳೆಯ ಮನೆಗಳ ನೆಲಕ್ಕೆ ಹಾಸುತ್ತಿದ್ದ ಕಲಬುರಗಿ ಸೀಮೆಯ ಶಹಾಬಾದ್ ಕಲ್ಲೂ ಇಂಥದ್ದೇ. ಇವುಗಳಲ್ಲಿ ಮುಖ್ಯವಾಗಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದೊಡನೆ ಅದು ಕರಗಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆದ್ದರಿಂದ ನೀವು ಕಲೆ ಎಂದುಕೊಂಡಿರುವುದು ಕಲೆಯಲ್ಲ, ಕಲ್ಲಿನ ಮೈಯೇ ಕೂದಲೆಳೆಯಷ್ಟು ಸವೆದುಹೋಗಿರುವ ಜಾಗ. ಉಜ್ಜಿದರೆ ಹೋಗುವುದಾದರೂ ಹೇಗೆ?

ಗ್ರಾನೈಟ್ ಅಗ್ನಿಶಿಲೆ. ನೆಲದಾಳದಲ್ಲಿ ಕರಗಿದ್ದ ಶಿಲಾಪಾಕವು ಮೇಲೆ ಬರಲಾಗದೆ ಅಲ್ಲಿಯೇ ಲಕ್ಷಾಂತರ ವರ್ಷ ನಿಧಾನವಾಗಿ ತಣಿದಾಗ, ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳ ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆದು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಮೈಸೂರಿನ ಚಾಮುಂಡಿ ಬೆಟ್ಟ ಸುಮಾರು 80 ಕೋಟಿ ವರ್ಷಗಳ ಹಿಂದೆ ಹೀಗೆ ರೂಪುಗೊಂಡ ಗ್ರಾನೈಟು. ಮೇಲಿದ್ದ ನೆಲವೆಲ್ಲ ಸವೆದ ಮೇಲೆ ಅದು ಬೆಳಕು ಕಂಡಿತು. ಈ ಖನಿಜಗಳನ್ನು ಅಡುಗೆಮನೆಯ ಹುಳಿ ಕರಗಿಸಲಾರದು. ಗಡಸುತನದಲ್ಲೂ ಅಂತರ ದೊಡ್ಡದು: ಮೋಹ್ಸ್ ಮಾಪನದಲ್ಲಿ ಸುಣ್ಣಕಲ್ಲಿನ ಕ್ಯಾಲ್ಸೈಟ್ 3, ಫೆಲ್ಡ್‌ಸ್ಪಾರ್ 6, ಬೆಣಚು 7.

ಇಲ್ಲೊಂದು ಮಾತು ಹೇಳಬೇಕು. ಅಂಗಡಿಯಲ್ಲಿ ಕಪ್ಪು ಗ್ರಾನೈಟ್ ಎಂದು ಮಾರುವ ಚಾಮರಾಜನಗರದ ಕಲ್ಲು ಶಾಸ್ತ್ರದ ಪ್ರಕಾರ ಗ್ರಾನೈಟೇ ಅಲ್ಲ, ಡಾಲರೈಟ್ ಎಂಬ ಬೇರೊಂದು ಅಗ್ನಿಶಿಲೆ. ಆದರೂ ನಿಮ್ಮ ಅಡುಗೆಮನೆಯ ಮಟ್ಟಿಗೆ ಅದರಿಂದ ನಷ್ಟವಿಲ್ಲ. ಹಾಗೆಯೇ ಪಟ್ಟೆ ಕಂಡ ಕಲ್ಲೆಲ್ಲ ಪದರುಶಿಲೆಯಲ್ಲ: ಮಂಡ್ಯದ ಸುತ್ತ ಹೆಚ್ಚಾಗಿ ಕಾಣುವ ಪಟ್ಟೆಪಟ್ಟೆಯ ಬಂಡೆ ಒತ್ತಡ, ಶಾಖಗಳಿಗೆ ಸಿಕ್ಕಿ ಮಾರ್ಪಟ್ಟ ನೈಸ್, ಅಂದರೆ ರೂಪಾಂತರ ಶಿಲೆ. ಸೋಮನಾಥಪುರದ ದೇವಾಲಯದ ಬಳಪದ ಕಲ್ಲೂ ಆ ಮೂರನೆಯ ಗುಂಪಿನದೇ.

ಮುಂದೆ ಕಲ್ಲು ಕೊಳ್ಳುವಾಗ ಅಂಚಿನ ಒಂದು ತುಣುಕು ಕೇಳಿ ಪಡೆದು ಚಾಕುವಿನ ಮೊನೆಯಿಂದ ಗೀರಿ ನೋಡಿ. ಸುಣ್ಣಕಲ್ಲಾದರೆ ಸುಲಭವಾಗಿ ಗೀರು ಬೀಳುತ್ತದೆ. ಅದರ ಮೇಲೆ ನಿಂಬೆರಸ ಹಾಕಿ ರಾತ್ರಿಯಿಡೀ ಬಿಟ್ಟರೆ ಉಳಿದ ಅನುಮಾನವೂ ತೀರುತ್ತದೆ. ಈಗಿರುವ ಕಟ್ಟೆಗೆ ಮತ್ತೆ ಪಾಲಿಶ್ ಮಾಡಿಸುವುದೊಂದೇ ದಾರಿ. ಆಮೇಲೆ ಹುಳಿ ಬಿದ್ದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ. ಬಚ್ಚಲು ತೊಳೆಯುವ ಆಸಿಡ್ಡನ್ನು ಮಾತ್ರ ಅದರ ಹತ್ತಿರಕ್ಕೂ ತರಬೇಡಿ.