ವೈರಸ್ ಅಲ್ಲ, ಸೆಲ್ ಮುಗಿದಿರಬೇಕು

ಮಳೆಗಾಲ ಶುರುವಾದ ಮೇಲೆ ದಿನಾ ಬೆಳಿಗ್ಗೆ ಡೆಸ್ಕ್‌ಟಾಪ್‌ನ ತಾರೀಕು ಹಳೇ ವರ್ಷಕ್ಕೆ ಹೋಗುತ್ತದೆ, ಬ್ಯಾಂಕಿನ ಸೈಟೂ ತೆರೆಯುವುದಿಲ್ಲ, ವೈರಸ್ಸಾ ಅಂತ ಕೇಳಿದ್ದೀರಿ. ವೈರಸ್ ಅಲ್ಲ ಮಾರಾಯ್ರೆ, ಹೆಚ್ಚಾಗಿ ಮದರ್‌ಬೋರ್ಡಿನ (ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯ) ಸೆಲ್ ಮುಗಿದಿರುತ್ತದೆ. ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತಿಡುತ್ತೀರಲ್ವಾ? ಪ್ಲಗ್ ಇದ್ದರೆ ಕಂಪ್ಯೂಟರಿನೊಳಗಿನ ಗಡಿಯಾರಕ್ಕೆ ಅಲ್ಲಿಂದಲೇ ಕರೆಂಟ್ ಸಿಗುತ್ತದೆ. ಕಿತ್ತರೆ ಆ ಸೆಲ್ಲೇ ಗತಿ. ತಾರೀಕು ತಪ್ಪಿದರೆ ಸೈಟು ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿನ ಅವಧಿ ತಾಳೆಯಾಗುವುದಿಲ್ಲ, ಅದಕ್ಕೇ ಬ್ಯಾಂಕ್ ತಕರಾರು.

ಉಡುಪಿಯಲ್ಲಿ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಸುಮ್ನೆ ಫಾರ್ಮ್ಯಾಟ್ ಮಾಡಿಸಿ ದುಡ್ಡು ಕಳೆದುಕೊಂಡೆ, ಮರುದಿನ ಮತ್ತೆ ಅದೇ ಕಥೆ!

ಪ್ಲಗ್ ತೆಗೆದು, ಒಳಗೆ ಉಳಿದ ಕರೆಂಟ್ ಹೋಗಲಿ ಅಂತ ಪವರ್ ಬಟನ್ ಒಮ್ಮೆ ಒತ್ತಿಬಿಡಿ. ಪಕ್ಕದ ಮುಚ್ಚಳ ಬಿಚ್ಚಿ, ಮೈಮೇಲಿನ ಸ್ಟ್ಯಾಟಿಕ್ ಕರೆಂಟ್ ಇಳಿಯಲಿ ಅಂತ ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ. ನಾಣ್ಯದಷ್ಟು ದೊಡ್ಡ ಬೆಳ್ಳಿಬಣ್ಣದ ಸೆಲ್ ಕಾಣುತ್ತದೆ, ಸಾಮಾನ್ಯವಾಗಿ ಸಿಆರ್ 2032, 3 ವೋಲ್ಟಿನದ್ದು. ಮೊದಲು ಮೊಬೈಲಲ್ಲಿ ಫೋಟೋ ತೆಗೆಯಿರಿ. ಬದಿಯ ಸಣ್ಣ ಕ್ಲಿಪ್ ಸರಿಸಿದರೆ ಸೆಲ್ ತಾನಾಗಿ ಮೇಲೇಳುತ್ತದೆ. ಹೊಸದನ್ನು ಅದೇ ಮುಖ ಮೇಲೆ ಬರುವಂತೆ ಹಾಕಿ, ತಾರೀಕು ಸರಿಮಾಡಿ.

ಪ್ಲಗ್ ಕೀಳುವ ಅಭ್ಯಾಸ ಮಾತ್ರ ಬಿಡಬೇಡಿ. ರೂಟರಿನಿಂದ ಬರುವ ಲ್ಯಾನ್ ಕೇಬಲನ್ನೂ ತೆಗೆಯಿರಿ, ಸಿಡಿಲು ಆ ದಾರಿಯಲ್ಲೂ ಬರುವುದುಂಟು.