ಎರಡನೇ ಮಹಾಯುದ್ಧದ ನಂತರ ಆಸ್ಟ್ರೇಲಿಯಾಕ್ಕೆ ಬಂದ ನಿರಾಶ್ರಿತ ಕುಟುಂಬಗಳ ಮಕ್ಕಳ ಬಾಲ್ಯ ಹೇಗಿತ್ತು?

ಬಹಳಷ್ಟು ಕುಟುಂಬಗಳ ಹೊಸ ಬದುಕು ಶುರುವಾದದ್ದು ವಿಕ್ಟೋರಿಯಾ ರಾಜ್ಯದ ಬೊನೆಗಿಲ್ಲಾದಲ್ಲಿ. ಅದೊಂದು ಹಳೆಯ ಸೇನಾ ಶಿಬಿರ. 1947ರಿಂದ 1971ರವರೆಗೆ 3 ಲಕ್ಷಕ್ಕೂ ಹೆಚ್ಚು ವಲಸಿಗರು ಅಲ್ಲಿ ತಂಗಿದ್ದರು. ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲೇ ಹುಟ್ಟಿದ್ದ ಎಷ್ಟೋ ಪೋಲಿಷ್, ಲಾಟ್ವಿಯನ್, ಉಕ್ರೇನಿಯನ್ ಮಕ್ಕಳಿಗೆ ಇದು ಮತ್ತೊಂದು ಶಿಬಿರ. ತಗಡಿನ ಸೂರು, ತಟ್ಟೆಯಲ್ಲಿ ಮತ್ತೆ ಮತ್ತೆ ಅದೇ ಕುರಿಮಾಂಸ.

ನನ್ನ ಮನಸ್ಸನ್ನು ಕಲಕುವುದು ಮಾತ್ರ ಅಪ್ಪಂದಿರ ಅಗಲಿಕೆ. ಉಚಿತ ಪ್ರಯಾಣಕ್ಕೆ ಪ್ರತಿಯಾಗಿ, ಸರ್ಕಾರ ತೋರಿಸಿದ ಕಡೆ 2 ವರ್ಷ ದುಡಿಯಬೇಕೆಂಬ ಕರಾರಿತ್ತು. ಓದಿದವರೂ ಕಬ್ಬು ಕಡಿದರು, ರೈಲುಹಳಿ ಹಾಕಿದರು. ಹೆಂಡತಿ ಮಕ್ಕಳು ಎಷ್ಟೋ ಸಲ ದೂರದ ಬೇರೊಂದು ಶಿಬಿರದಲ್ಲಿ ಉಳಿದರು. ಶಾಲೆಯಲ್ಲಿ ಬೇಗ ಇಂಗ್ಲಿಷ್ ಕಲಿತ ಮಕ್ಕಳೇ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ತಾಯಂದಿರಿಗೆ ದುಭಾಷಿಗಳಾದರು. ಶನಿವಾರ ಮಾತ್ರ ಸಮುದಾಯದವರು ನಡೆಸುತ್ತಿದ್ದ ಶಾಲೆಯಲ್ಲಿ ಮನೆಮಾತಿನ ಅಕ್ಷರ ತಿದ್ದುತ್ತಿದ್ದರು.