ಗರಾಜಿನ ಹಳೇ ಫ್ರಿಜ್‌ನಲ್ಲಿ ಬಿಯರ್ ಹುದುಗಿಸುವಾಗ ತಾಪಮಾನ ಹಿಡಿದಿಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಷಿಕಾಗೋ ಹತ್ತಿರ ಮನೆ, ಗರಾಜಿನಲ್ಲಿ ಒಂದು ಹಳೇ ಫ್ರಿಜ್, ಪ್ರತಿ ಸಲ 20 ಲೀಟರ್ ಏಲ್, ಅಂದರೆ ಸ್ವಲ್ಪ ಬೆಚ್ಚಗೆ ಹುದುಗುವ ಬಿಯರ್. ಬೇಸಿಗೆಯಲ್ಲಿ ವಿಪರೀತ ಸೆಕೆ, ಚಳಿಗಾಲದಲ್ಲಿ ಗರಾಜು ಸೊನ್ನೆಗಿಂತ ಕೆಳಗೆ. ಬಿಸಿ, ತಂಪು ಎರಡನ್ನೂ ನೋಡಿಕೊಳ್ಳುವ ಕಂಟ್ರೋಲರ್ ಬೇಕಾ, ಫ್ರಿಜ್‌ನ ಗುಂಡಿ ತಿರುಗಿಸಿದರೆ ಸಾಕಾ?

ಕಂಟ್ರೋಲರ್ ಬೇಕು. ಫ್ರಿಜ್‌ನ ಥರ್ಮೋಸ್ಟಾಟ್ ಇರುವುದು ಹಾಲು, ಸೊಪ್ಪು ಕೆಡದ ಹಾಗೆ ಇಡುವುದಕ್ಕೆ. 18 ಡಿಗ್ರಿಗೆ ನಿಲ್ಲು ಅಂದರೆ ಅದು ನಿಲ್ಲುವುದಿಲ್ಲ. ಇಂಕ್‌ಬರ್ಡ್ ಐಟಿಸಿ-308 ಥರದ್ದು ಒಂದು ತಗೊಳ್ಳಿ. ಅದರಲ್ಲಿ ಎರಡು ಸಾಕೆಟ್ ಇರುತ್ತವೆ, ಒಂದಕ್ಕೆ ಫ್ರಿಜ್, ಇನ್ನೊಂದಕ್ಕೆ ಹೀಟ್ ಮ್ಯಾಟ್. ಜೊತೆಗೆ ತಂತಿಯ ತುದಿಯಲ್ಲಿ ತಾಪಮಾನ ಅಳೆಯುವ ಒಂದು ಪ್ರೋಬ್. ಫ್ರಿಜ್‌ನ ಸ್ವಂತ ಗುಂಡಿಯನ್ನು ಪೂರ್ತಿ ತಂಪಿನ ಕಡೆಗೆ ತಿರುಗಿಸಿಡಿ, ಇಲ್ಲದಿದ್ದರೆ ಅದು ನಡುವೆ ತಾನೇ ಆಫ್ ಆಗಿಬಿಡಬಹುದು.

ಯಾವ ಕಂಪನಿಯ ಕಂಟ್ರೋಲರ್ ಅನ್ನುವುದು ಅಂಥ ದೊಡ್ಡ ವಿಷಯವೇ ಅಲ್ಲ. ಪ್ರೋಬ್ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಸುಮಾರು ಜನ ಅದನ್ನು ಫ್ರಿಜ್ ಒಳಗೆ ಗಾಳಿಯಲ್ಲಿ ನೇತಾಡಿಸುತ್ತಾರೆ. ಆಗ ಕಂಟ್ರೋಲರ್ 18 ತೋರಿಸುತ್ತಾ ಇರುತ್ತದೆ, ಬಿಯರ್ ಹುದುಗುವ ಪಾತ್ರೆ, ಅಂದರೆ ಫರ್ಮೆಂಟರ್ ಒಳಗೆ 22, 23 ಆಗಿರುತ್ತದೆ. ಯಾಕೆಂದರೆ ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಶಾಖ ಬಿಡುತ್ತದೆ. ಒಂದು ಕಿಲೋ ಸಕ್ಕರೆಯ ಅಂಶ ಹುದುಗಿದರೆ ಹತ್ತಿರ ಹತ್ತಿರ 590 ಕಿಲೋಜೂಲ್. ನಿಮ್ಮ 20 ಲೀಟರ್ ಮಾಮೂಲಿ ಏಲ್‌ನಲ್ಲಿ ಒಂದೂವರೆ ಕಿಲೋಗಿಂತ ಸ್ವಲ್ಪ ಜಾಸ್ತಿ ಹುದುಗುತ್ತದೆ. ಆ ಶಾಖ ಹೊರಗೆ ಹೋಗದೆ ಒಳಗೇ ಉಳಿದರೆ ಬಿಯರ್ 11 ಡಿಗ್ರಿಯಷ್ಟು ಮೇಲೇರಬೇಕು! ಅಷ್ಟು ಏರುವುದಿಲ್ಲ, ಸೋರಿ ಹೋಗುತ್ತಾ ಇರುತ್ತದೆ. ಆದರೂ ಜೋರಾಗಿ ಹುದುಗುವಾಗ ಸುತ್ತಲಿನ ಗಾಳಿಗಿಂತ 3ರಿಂದ 5 ಡಿಗ್ರಿ ಹೆಚ್ಚು ಇರುವುದು ಮಾಮೂಲು.

ಹಾಗಾಗಿ ಪ್ರೋಬ್ ಅಳೆಯಬೇಕಾದ್ದು ಬಿಯರನ್ನು. ಥರ್ಮೋವೆಲ್ (ಪ್ರೋಬ್ ತೂರಿಸಲು ಬಿಯರ್ ಒಳಗೆ ಇಳಿಬಿಡುವ ಕೊಳವೆ) ಇದ್ದರೆ ಸರಿ, ಇಲ್ಲದಿದ್ದರೂ ಚಿಂತೆ ಇಲ್ಲ. ದ್ರವ ಎಲ್ಲಿಯವರೆಗೆ ಇದೆಯೋ ಅದರ ಅರ್ಧ ಎತ್ತರಕ್ಕೆ ಪ್ರೋಬನ್ನು ಫರ್ಮೆಂಟರ್ ಗೋಡೆಗೆ ಒತ್ತಿ ಇಡಿ. ಅದರ ಮೇಲೆ ಅಂಗೈ ಅಗಲದ ಬಬಲ್ ರ‍್ಯಾಪನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಿ, ಸುತ್ತ ಟೇಪ್ ಬಿಗಿಯಾಗಿ ಹಾಕಿ. ಮಡಿಸಿದ ಟವೆಲ್ಲೂ ನಡೆಯುತ್ತದೆ. ಹೀಟ್ ಮ್ಯಾಟ್ ಮಾತ್ರ ಎದುರು ಬದಿಗೆ ಇರಲಿ. ಪ್ರೋಬ್ ಪಕ್ಕದಲ್ಲೇ ಮ್ಯಾಟ್ ಸುತ್ತಿದರೆ ಅದು ಬಿಯರ್ ಬಿಟ್ಟು ಮ್ಯಾಟನ್ನೇ ಅಳೆಯುತ್ತದೆ.

ಸೆಟ್ಟಿಂಗ್ ವಿಷಯಕ್ಕೆ ಬರೋಣ. ಗುರಿ 18 ಅಂದುಕೊಳ್ಳಿ. ತಂಪಿನ ಅಂತರ 0.5, ಬಿಸಿಯ ಅಂತರ 1 ಇಡಿ. ಅಂದರೆ 18.5 ದಾಟಿದರೆ ಫ್ರಿಜ್ ಶುರು, 17ಕ್ಕೆ ಇಳಿದರೆ ಮ್ಯಾಟ್ ಶುರು. ಈ ಅಂತರ ಇನ್ನೂ ಕಡಿಮೆ ಮಾಡಿದರೆ ನಿಖರವಾಗಿರುತ್ತದೆ ಅಂತ ಅನ್ನಿಸುತ್ತದೆ, ಆದರೆ ಆಗುವುದು ಜಗಳ. ಫ್ರಿಜ್ ಆಫ್ ಆದ ಮೇಲೂ ಒಳಗಿನ ಗಾಳಿ, ಗೋಡೆ ತಣ್ಣಗೇ ಇರುತ್ತವೆ, ಬಿಯರ್ ಇಳಿಯುತ್ತಲೇ ಹೋಗುತ್ತದೆ. ಕೂಡಲೇ ಮ್ಯಾಟ್ ಆನ್. ಅದು ಮೇಲೇರಿಸಿತು ಅಂತ ಮತ್ತೆ ಫ್ರಿಜ್. ರಾತ್ರಿಯಿಡೀ ಎರಡೂ ಒಂದರ ವಿರುದ್ಧ ಒಂದು ಓಡಿ ಕರೆಂಟ್ ಬಿಲ್ ಏರಿಸುತ್ತವೆ, ಅಷ್ಟೇ. ಅರ್ಧ ಡಿಗ್ರಿ ಆಚೀಚೆ ಆದರೆ ಯೀಸ್ಟ್‌ಗೆ ಏನೂ ಆಗುವುದಿಲ್ಲ. ಕಂಪ್ರೆಸರ್ ಡಿಲೇ 5 ನಿಮಿಷಕ್ಕಿಂತ ಕಡಿಮೆ ಇಡಬೇಡಿ. ನಿಂತ ಕೂಡಲೇ ಮತ್ತೆ ಎಬ್ಬಿಸಿದರೆ ಹಳೇ ಕಂಪ್ರೆಸರ್ ಬೇಗ ಹೋಗುತ್ತದೆ.

ಹೀಟರ್ ದೊಡ್ಡದು ಬೇಡ, 40 ವ್ಯಾಟ್ ಮ್ಯಾಟ್ ಸಾಕು. ಅದು 20 ಲೀಟರನ್ನು ಒಂದು ಡಿಗ್ರಿ ಏರಿಸೋಕೆ ಅರ್ಧ ಗಂಟೆಗಿಂತ ಜಾಸ್ತಿ ತಗೊಳ್ಳುತ್ತದೆ. ನಮಗೆ ಬೇಕಾದ್ದು ಆ ನಿಧಾನವೇ. ಚಳಿಗಾಲದಲ್ಲಿ ನಮ್ಮವರು ದೋಸೆ ಹಿಟ್ಟನ್ನು ಓವನ್ ಒಳಗೆ ಲೈಟ್ ಹಾಕಿ ಇಡುತ್ತಾರಲ್ಲ, ಹಾಗೆ ಇಲ್ಲೂ ಬಲ್ಬ್ ಹಾಕೋಣ ಅನ್ನಿಸಬಹುದು. ಹಿಟ್ಟಿಗೆ ಸರಿ, ಬಿಯರ್‌ಗೆ ಬೇಡ. ಬೆಳಕು ಬಿದ್ದರೆ ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನಲ್ಲಿರುವ ಅಂಶ ಒಡೆದು ಸ್ಕಂಕ್ ಪ್ರಾಣಿಯಂಥ ಕೆಟ್ಟ ವಾಸನೆ ಬರುತ್ತದೆ. ಬಿಳಿ ಗಾಜಿನ ಕಾರ್ಬಾಯ್ (ದೊಡ್ಡ ಹುದುಗು ಬಾಟಲಿ) ಆದರಂತೂ ಕೇಳಲೇಬೇಡಿ. ಇನ್ನು ಗರಾಜು ಕೊರೆಯುವ ಚಳಿಯಲ್ಲಿರುವಾಗ ಫ್ರಿಜ್ ಪ್ಲಗ್ ಕಿತ್ತುಬಿಡಿ. ಅಂಥ ಚಳಿಯಲ್ಲಿ ಕಂಪ್ರೆಸರ್ ಓಡಿಸುವುದು ಒಳ್ಳೆಯದಲ್ಲ. ಆಗ ಅದು ಬರೀ ದಪ್ಪ ಗೋಡೆಯ ಡಬ್ಬ, ಮ್ಯಾಟ್ ಒಂದೇ ಸಾಕು.

ಎಲ್ಲಾ ದಿನವೂ ಒಂದೇ ಥರ ಕಾಯಬೇಕಿಲ್ಲ. ರುಚಿ ಹೆಚ್ಚಾಗಿ ಕೆಡುವುದು ಮೊದಲ ಮೂರು ದಿನದಲ್ಲಿ. ಆಗ ಬಿಸಿ ಜಾಸ್ತಿಯಾದರೆ ಗಂಟಲು ಸುಡುವ ಫ್ಯೂಸೆಲ್ ಆಲ್ಕೋಹಾಲ್, ಬೇಡದ ಬಾಳೆಹಣ್ಣಿನ ವಾಸನೆ ಬರುತ್ತವೆ. ಆ ಮೂರು ದಿನ ಗಟ್ಟಿಯಾಗಿ ಹಿಡಿಯಿರಿ. ನೊರೆ ಇಳಿಯುತ್ತಾ ಬಂದಾಗ ದಿನಕ್ಕೊಂದು ಡಿಗ್ರಿಯಂತೆ 20, 21ಕ್ಕೆ ಏರಿಸಿ. ಬೆಣ್ಣೆ ವಾಸನೆ ಕೊಡುವ ಡೈಅಸಿಟೈಲ್ ಅನ್ನು ಯೀಸ್ಟ್ ತಾನೇ ತಿಂದು ಮುಗಿಸುತ್ತದೆ. ಈ ಹಂತದಲ್ಲಿ ತಣ್ಣಗೆ ಬಿಟ್ಟರೆ ಯೀಸ್ಟ್ ಅರ್ಧದಲ್ಲೇ ಮಲಗಿಬಿಡುತ್ತದೆ. ನೀವು ಮುಗಿಯಿತು ಅಂದುಕೊಂಡು ಬಾಟಲಿಗೆ ತುಂಬುತ್ತೀರಿ, ಬೆಚ್ಚಗಿನ ಕೋಣೆಯಲ್ಲಿ ಅದು ಮತ್ತೆ ಎದ್ದರೆ ಬಾಟಲಿ ಒಡೆಯುತ್ತದೆ. ಉಳಿದ ಸಕ್ಕರೆಯ ಅಂದಾಜು ಕೊಡುವ ಹೈಡ್ರೋಮೀಟರ್ ಎರಡು ಮೂರು ದಿನ ಒಂದೇ ಅಂಕಿ ತೋರಿಸುವ ತನಕ ತುಂಬಬೇಡಿ.

ಕೊನೆಗೆ 2 ಡಿಗ್ರಿಗೆ ಇಳಿಸಿ ತಿಳಿಯಾಗಿಸುವುದಾದರೆ ಏರ್‌ಲಾಕ್ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬರದಂತೆ ತಡೆಯುವ, ನೀರು ತುಂಬಿದ ಮುಚ್ಚಳ) ನೋಡಿಕೊಳ್ಳಿ. ತಣ್ಣಗಾದಾಗ ಒಳಗಿನ ಗ್ಯಾಸ್ ಕುಗ್ಗಿ ಏರ್‌ಲಾಕ್ ನೀರನ್ನು, ಅದರ ಹಿಂದೆ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮೂರು ತುಂಡಿನ ಏರ್‌ಲಾಕ್ ಬದಲು ಎಸ್ ಆಕಾರದ್ದು ಹಾಕಿ, ಅದರಲ್ಲಿ ನೀರು ಒಳಗೆ ಹೋಗುವುದು ಕಡಿಮೆ.

ಏಲ್‌ಗಿಂತ ತಣ್ಣಗೆ ಹುದುಗುವ ಲಾಗರ್ ಬಿಯರ್ ಆಸೆ ಇದ್ದರೆ ಚಳಿಗಾಲಕ್ಕೆ ಇಟ್ಟುಕೊಳ್ಳಿ. 1553ರಲ್ಲಿ ಬವೇರಿಯಾದಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರ ತನಕ ಬಿಯರ್ ಮಾಡಲೇಬಾರದು ಅಂತ ಆಜ್ಞೆಯೇ ಆಗಿತ್ತು. 1870ರ ದಶಕದಲ್ಲಿ ಜರ್ಮನಿಯ ಇಂಜಿನಿಯರ್ ಲಿಂಡೆಯ ತಂಪು ಯಂತ್ರ ಬಂದ ಮೇಲೆ ಬೇಸಿಗೆಯಲ್ಲೂ ಮಾಡುವುದು ಸುಲಭವಾಯಿತು. ಜುಲೈ ಸೆಕೆಗೆ ನಾರ್ವೆಯ ಕ್ವೈಕ್ ಯೀಸ್ಟ್ ಇದೆ, 35 ಡಿಗ್ರಿಯಲ್ಲೂ ರುಚಿ ಕೆಡಿಸುವುದಿಲ್ಲ.

ಊರಿಂದ ಇದನ್ನು ಓದುತ್ತಿರುವವರಿಗೆ ಒಂದು ಮಾತು: ಅಮೆರಿಕದಲ್ಲಿ ವಯಸ್ಕರೊಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್ ಮಾಡಬಹುದು, ಇಬ್ಬರು ಅಥವಾ ಜಾಸ್ತಿ ಇದ್ದರೆ 200. ಮಾರುವಂತಿಲ್ಲ. ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ.